ಋತುವಿನ ತಾಜಾ ಆಸ್ಪ್ಯಾರಗಸ್: ಕೊಳ್ಳುವುದು, ಹೆರೆಯುವುದು, ಬೇಯಿಸುವುದು ಮತ್ತು ಆರೋಗ್ಯದ ಲೆಕ್ಕ

ಜರ್ಮನಿಯ ರೈನ್ ನದಿಯ ಬಯಲಿನಲ್ಲಿ, ಹೈಡೆಲ್‌ಬರ್ಗ್‌ನಿಂದ ಕಾರ್ಲ್ಸ್‌ರೂಎವರೆಗೆ ಹಬ್ಬಿರುವ ಮರಳುಮಿಶ್ರಿತ ಹೊಲಗಳಲ್ಲಿ, ಏಪ್ರಿಲ್ ನಡುವಿನಿಂದ ಜೂನ್ 24ರವರೆಗೆ ಒಂದೇ ಒಂದು ತರಕಾರಿಯ ಮಾತು ನಡೆಯುತ್ತದೆ. ಅಲ್ಲಿನವರು ಷ್ಪಾರ್ಗೆಲ್ ಎನ್ನುವ ಆಸ್ಪ್ಯಾರಗಸ್ಸಿಗಾಗಿ ಹೋಟೆಲುಗಳು ಬೇರೆಯೇ ಊಟದ ಪಟ್ಟಿ ಮಾಡಿಸುತ್ತವೆ, ರಸ್ತೆಯ ಬದಿಯಲ್ಲಿ ಮರದ ಗೂಡಂಗಡಿಗಳು ಏಳುತ್ತವೆ, ಭಾನುವಾರದ ಮನೆಯೂಟಕ್ಕೆ ಕಿಲೋಗಟ್ಟಲೆ ದಂಟು ಬಂದು ಬೀಳುತ್ತದೆ. ಶ್ವೆಟ್ಜಿಂಗನ್ ಅರಮನೆಯ ತೋಟದಲ್ಲಿ ಇದನ್ನು 1668ರಲ್ಲೇ ಬೆಳೆಯುತ್ತಿದ್ದರು; ಬರ್ಲಿನ್ ಸಮೀಪದ ಬೀಲಿಟ್ಸ್‌ನಲ್ಲಿ 1861ರಿಂದ ಬೆಳೆಯುತ್ತಿದ್ದಾರೆ; ಬವೇರಿಯಾದ ಶ್ರೋಬನ್‌ಹೌಸನ್‌ನಲ್ಲಿ ಈ ಒಂದು ತರಕಾರಿಗೆಂದೇ ವಸ್ತುಸಂಗ್ರಹಾಲಯವಿದೆ. ಜರ್ಮನಿಯಲ್ಲಿ ಬಯಲಿನಲ್ಲಿ ಬೆಳೆಯುವ ತರಕಾರಿಗಳ ಪೈಕಿ ಅತಿ ಹೆಚ್ಚು ನೆಲವನ್ನು ಆವರಿಸಿರುವುದೂ ಇದೇ.

ಶ್ವೆಟ್ಜಿಂಗನ್‌ನ ಮಗ್ಗುಲಲ್ಲೇ ಇರುವ ವಾಲ್‌ಡೋರ್ಫ್‌ಗೆ ಸಾಫ್ಟ್‌ವೇರ್ ಕೆಲಸದ ಮೇಲೆ ಬೆಂಗಳೂರಿನಿಂದ ಬಂದು ನೆಲೆಸಿದ ಕನ್ನಡಿಗರು ಕಡಿಮೆಯೇನಿಲ್ಲ. ಅವರಲ್ಲಿ ಅನೇಕರಿಗೆ ಈ ತರಕಾರಿಯ ಮೊದಲ ಪರಿಚಯವಾಗುವುದು ಯಾವುದೋ ಕ್ಯಾಂಟೀನಿನಲ್ಲಿ, ಹೊತ್ತುಗಟ್ಟಲೆ ಬಿಸಿಪಾತ್ರೆಯಲ್ಲಿ ಕುಳಿತು ಮೆತ್ತಗಾಗಿ, ನಾರಿನ ಜೊತೆಗೆ ತುಸು ಕಹಿಯನ್ನೂ ಉಳಿಸಿಕೊಂಡ ದಂಟಿನ ರೂಪದಲ್ಲಿ. ಇಷ್ಟಕ್ಕೆ ಇಷ್ಟು ಸಂಭ್ರಮವೇ ಎಂದು ಅವರಿಗೆ ಅನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆಸ್ಪ್ಯಾರಗಸ್ಸಿನ ರುಚಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಸಾಲೆಯೂ ಅಲ್ಲ, ಅಡುಗೆಯವರ ಕೈಚಳಕವೂ ಅಲ್ಲ. ನೆಲದಿಂದ ಕುಯ್ದ ಗಳಿಗೆಗೂ ಪಾತ್ರೆಗೆ ಇಳಿಸಿದ ಗಳಿಗೆಗೂ ನಡುವೆ ಕಳೆದ ಸಮಯ. ಈ ಮಾರ್ಗದರ್ಶಿಯಲ್ಲಿ ಹೇಳುವ ಬಹುಪಾಲು ಕ್ರಮಗಳು ಆ ಸಮಯವನ್ನು ಕಡಿಮೆ ಮಾಡುವುದಕ್ಕೆ, ಅದು ಸಾಧ್ಯವಾಗದಿದ್ದಾಗ ಅದರಿಂದಾಗುವ ನಷ್ಟವನ್ನು ತಗ್ಗಿಸುವುದಕ್ಕೆ ಸಂಬಂಧಿಸಿದವು.

ಮೊದಲು ಗಿಡದ ಸ್ವಭಾವ

ಆಸ್ಪ್ಯಾರಗಸ್ ಬಹುವಾರ್ಷಿಕ ಗಿಡ. ನಾವು ತಿನ್ನುವುದು ನೆಲದೊಳಗಿನ ಬುಡದಿಂದ ವಸಂತದಲ್ಲಿ ಮೇಲೇಳುವ ಎಳೆಯ ಕಾಂಡವನ್ನು. ಅದಕ್ಕೆ ಬೇಕಾದ ಆಹಾರವೆಲ್ಲ ಹಿಂದಿನ ಬೇಸಿಗೆಯಲ್ಲೇ ಬೇರುಗಳಲ್ಲಿ ಕೂಡಿಟ್ಟುಕೊಂಡದ್ದು. ಆದ್ದರಿಂದ ಸಸಿ ನೆಟ್ಟ ಮೊದಲೆರಡು ವರ್ಷ ರೈತರು ಸಾಮಾನ್ಯವಾಗಿ ಒಂದು ದಂಟನ್ನೂ ಕುಯ್ಯುವುದಿಲ್ಲ. ಮೂರನೆಯ ವರ್ಷ ಮಿತವಾಗಿ ಕುಯ್ದು, ಆ ನಂತರ ಸುಮಾರು ಹತ್ತು ವರ್ಷ ಅದೇ ಸಾಲಿನಿಂದ ಫಸಲು ಪಡೆಯುತ್ತಾರೆ. ಜೂನ್ 24, ಅಂದರೆ ಕ್ರೈಸ್ತರ ಸಂತ ಯೋಹಾನರ ದಿನ, ಕೊಯ್ಲು ನಿಲ್ಲಿಸುವ ರೂಢಿಯ ಹಿಂದಿರುವುದು ಧಾರ್ಮಿಕ ನಿಷೇಧವಲ್ಲ. ಅಂದಿನಿಂದ ಮುಂದಕ್ಕೆ ಬರುವ ಚಿಗುರುಗಳನ್ನು ಬಿಟ್ಟರೆ ಅವು ಆಳೆತ್ತರದ, ನವಿರಾದ ಜರೀಗಿಡದಂಥ ಪೊದೆಯಾಗಿ ಬೆಳೆದು, ಹಿಮ ಬೀಳುವ ಮುನ್ನ ಬೇರುಗಳನ್ನು ಮತ್ತೆ ತುಂಬಿಸುತ್ತವೆ. ಆಸೆಗೆ ಬಿದ್ದು ಜುಲೈಯಲ್ಲೂ ಕುಯ್ದರೆ ಮರುವರ್ಷ ದಂಟು ಸಣಕಲಾಗುತ್ತದೆ.

ಬಿಳಿ ಮತ್ತು ಹಸಿರು ಎರಡೂ ಒಂದೇ ಜಾತಿಯ ಗಿಡ. ಬಿಳಿಯದಕ್ಕೆ ಸಾಲಿನ ಮೇಲೆ ಎತ್ತರವಾಗಿ ಮಣ್ಣು ಏರಿಸಿ, ದಂಟು ಬೆಳಕು ಕಾಣುವ ಮುನ್ನವೇ ಕುಯ್ಯುತ್ತಾರೆ. ಬೆಳಕಿಲ್ಲದಿದ್ದರೆ ಪತ್ರಹರಿತ್ತು ಹುಟ್ಟುವುದಿಲ್ಲ, ಬಣ್ಣವೂ ಬರುವುದಿಲ್ಲ. ಕುಡಿ ಮಣ್ಣಿನಿಂದ ತುಸು ಇಣುಕಿದರೆ ಮೊದಲು ನೇರಳೆಯಾಗುತ್ತದೆ, ಹಾಗೆಯೇ ಬಿಟ್ಟರೆ ಹಸಿರಾಗುತ್ತದೆ. ಮಣ್ಣಿನ ದಿಂಡು ಬಿರುಕು ಬಿಟ್ಟ ಜಾಗವನ್ನು ನೋಡಿ, ಬೆರಳಿನಿಂದ ಮಣ್ಣು ಸರಿಸಿ, ಉದ್ದನೆಯ ವಿಶೇಷ ಚಾಕುವಿನಿಂದ ಒಂದು ಗೇಣಿಗೂ ಕೆಳಗೆ ದಂಟನ್ನು ಕತ್ತರಿಸಿ, ಗುಂಡಿಯನ್ನು ಮುಚ್ಚಿ ಕರಣೆಯಿಂದ ನಯಮಾಡಬೇಕು. ಬೆಚ್ಚಗಿನ ದಿನಗಳಲ್ಲಿ ದಂಟು ದಿನವೊಂದಕ್ಕೆ ಹಲವು ಸೆಂಟಿಮೀಟರ್ ಬೆಳೆಯುವುದರಿಂದ ಇದನ್ನು ಪ್ರತಿದಿನವೂ ಮಾಡಬೇಕು. ರೊಮೇನಿಯಾ, ಪೋಲೆಂಡ್‌ಗಳಿಂದ ಋತುವಿಗೆಂದೇ ಬರುವ ಕಾರ್ಮಿಕರು ಬೆನ್ನು ಬಗ್ಗಿಸಿ ಮಾಡುವ ಈ ಕೆಲಸವೇ ಬಿಳಿ ಆಸ್ಪ್ಯಾರಗಸ್ಸಿನ ಬೆಲೆಗೆ ಮುಖ್ಯ ಕಾರಣ. ಹಸಿರಿನದು ನೆಲದ ಮೇಲೆಯೇ ಬೆಳೆಯುವುದರಿಂದ ಕೊಯ್ಲು ಸುಲಭ.

ಹೊಲಗಳ ಮೇಲೆ ಹೊದಿಸಿರುವ ಪ್ಲಾಸ್ಟಿಕ್ ಹಾಳೆಗೆ ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ. ಕಪ್ಪು ಮೇಲಾದರೆ ಮಣ್ಣು ಬೇಗ ಕಾಯುತ್ತದೆ, ಬಿಳಿ ಮೇಲಾದರೆ ಬೆಳವಣಿಗೆ ನಿಧಾನವಾಗುತ್ತದೆ. ರೈತನು ಹಾಳೆಯನ್ನು ತಿರುಗಿಸಿಯೇ ಫಸಲನ್ನು ಹಿಂದುಮುಂದು ಮಾಡುತ್ತಾನೆ. ಮಾರ್ಚ್ ಕೊನೆಗೇ ಅಂಗಡಿಗೆ ಬರುವ ಮೊದಲ ಕಂತು ಹೀಗೆ ಅವಸರ ಮಾಡಿ ಬೆಳೆಸಿದ್ದು, ಬೆಲೆಯೂ ಬಹಳ. ಮೇ ಎರಡನೆಯ ವಾರದಿಂದ ಜೂನ್ ನಡುವಿನವರೆಗೆ ಕೊಳ್ಳುವುದೇ ಜಾಣತನ ಎಂದು ನನ್ನ ಎಣಿಕೆ. ಆಗ ಮಾಲು ಹೇರಳ, ಬೆಲೆ ಇಳಿದಿರುತ್ತದೆ.

ಹಂತ 1: ಕೊಳ್ಳುವಾಗ ನೋಡಬೇಕಾದದ್ದು

ಸಾಧ್ಯವಾದರೆ ಸೂಪರ್ ಮಾರ್ಕೆಟನ್ನು ಬಿಟ್ಟು ಹೊಲದ ಪಕ್ಕದ ಅಂಗಡಿಗೆ ಹೋಗಬೇಕು, ಅದೂ ಬೆಳಗಿನ ಹೊತ್ತು. ಕುಯ್ದ ದಂಟು ಸತ್ತ ವಸ್ತುವಲ್ಲ. ತರಕಾರಿಗಳಲ್ಲೇ ಅತಿ ವೇಗವಾಗಿ ಉಸಿರಾಡುವವುಗಳ ಪೈಕಿ ಅದೂ ಒಂದು. ತನ್ನಲ್ಲಿರುವ ಸಕ್ಕರೆಯನ್ನು ಅದು ಗಂಟೆಗಂಟೆಗೂ ಖರ್ಚು ಮಾಡುತ್ತಿರುತ್ತದೆ, ಅದೇ ಹೊತ್ತಿನಲ್ಲಿ ಕತ್ತರಿಸಿದ ತುದಿಯಿಂದ ಮೇಲಕ್ಕೆ ಲಿಗ್ನಿನ್ ಎಂಬ ಮರಗಟ್ಟುವ ಅಂಶ ಹೆಚ್ಚುತ್ತ ಹೋಗುತ್ತದೆ. ಸಿಹಿ ಇಳಿಯುವುದು, ನಾರು ಏರುವುದು ಎರಡೂ ಒಟ್ಟಿಗೆ ನಡೆಯುವುದರಿಂದ ಮೂರು ದಿನ ಹಳೆಯದಾದ ದಂಟಿಗೆ ಯಾವ ಅಡುಗೆಯ ವಿಧಾನವೂ ಹೊಸದರ ರುಚಿಯನ್ನು ತಂದುಕೊಡಲಾರದು.

ತಾಜಾತನವನ್ನು ಗುರುತಿಸಲು ಮೊದಲು ಕತ್ತರಿಸಿದ ತುದಿಯನ್ನು ನೋಡಬೇಕು. ಅದು ತೇವವಾಗಿ, ನಸುಬಿಳುಪಾಗಿ ಇರಬೇಕು. ಕಂದಾಗಿ, ಒಣಗಿ, ಟೊಳ್ಳಾಗಿ ಕಂಡರೆ ಹಳೆಯದು. ತುದಿಯನ್ನು ಉಗುರಿನಿಂದ ಒತ್ತಿದಾಗ ರಸ ಜಿನುಗಬೇಕು, ಅದರ ವಾಸನೆ ಹಿತವಾಗಿರಬೇಕು. ಹುಳಿವಾಸನೆ ಬಂದರೆ ಮುಟ್ಟಬಾರದು. ಕೆಲವು ಅಂಗಡಿಯವರು ಹಳೆಯ ಮಾಲಿನ ತುದಿಯನ್ನು ಬೆಳಗ್ಗೆ ಮತ್ತೆ ಕತ್ತರಿಸಿ ಇಟ್ಟಿರುತ್ತಾರೆ, ಹಾಗಾಗಿ ಈ ಒಂದೇ ಗುರುತನ್ನು ನಂಬುವಂತಿಲ್ಲ. ಎರಡು ದಂಟುಗಳನ್ನು ಒಂದಕ್ಕೊಂದು ಉಜ್ಜಿದರೆ ಕೀಚು ಕೀಚು ಎಂದು ಸದ್ದು ಬರಬೇಕು. ಈ ಸದ್ದು ಬರುವುದು ಮೈ ತುಂಬ ನೀರಿದ್ದು ಬಿಗಿಯಾಗಿರುವ ದಂಟಿನಿಂದ ಮಾತ್ರ, ಮತ್ತು ಇದರಲ್ಲಿ ಮೋಸ ಮಾಡುವುದು ಕಷ್ಟ. ಕುಡಿ ಮೊಗ್ಗಿನಂತೆ ಮುಚ್ಚಿಕೊಂಡಿರಬೇಕು, ಬಿಡಿಸಿಕೊಂಡಿರಬಾರದು.

ದಪ್ಪದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ತೆಳ್ಳಗಿರುವುದೇ ಎಳೆಯದು ಎಂದು ನಮ್ಮ ಬೆಂಡೆಕಾಯಿ, ಹುರುಳಿಕಾಯಿಗಳ ಅನುಭವ ಹೇಳುತ್ತದೆ, ಆದರೆ ಇಲ್ಲಿ ಅದು ಹೊಂದುವುದಿಲ್ಲ. ಹೆಬ್ಬೆರಳಿನ ದಪ್ಪದ ದಂಟು ಮೊದಲಿನಿಂದಲೂ ದಪ್ಪವಾಗಿಯೇ ಮೊಳೆತದ್ದು. ತೆಳ್ಳಗಿನದು ಬೆಳೆಯುತ್ತ ದಪ್ಪವಾಗುವುದಿಲ್ಲ. ಬಿಳಿಯದನ್ನು ಸಿಪ್ಪೆ ಹೆರೆದೇ ತಿನ್ನಬೇಕಾದ್ದರಿಂದ ದಪ್ಪನೆಯದನ್ನು ಆರಿಸಿದರೆ ವ್ಯರ್ಥವಾಗುವುದು ಕಡಿಮೆ, ತಿರುಳು ಹೆಚ್ಚು. ನೇರವಾದ, ದಪ್ಪನೆಯ, ಕುಡಿ ಬಿಳಿಯಾದ ದಂಟಿಗೆ ಮೇಲ್ದರ್ಜೆಯ ಬೆಲೆ. ಸೊಟ್ಟಗಿರುವುದು, ಕುಡಿ ನೇರಳೆಯಾಗಿರುವುದು ಕೆಳದರ್ಜೆಗೆ ಹೋದರೂ ರುಚಿಯಲ್ಲಿ ಕೊರತೆಯಿಲ್ಲ. ಕುಯ್ಯುವಾಗ ಮುರಿದ ತುಂಡುಗಳನ್ನು ಬ್ರುಖ್‌ಷ್ಪಾರ್ಗೆಲ್ ಎಂಬ ಹೆಸರಿನಲ್ಲಿ ಅಗ್ಗವಾಗಿ ಮಾರುತ್ತಾರೆ. ಪಲ್ಯಕ್ಕೆ, ಸೂಪಿಗೆ ಅದೇ ಸಾಕು. ಹೇಗೂ ಹೆಚ್ಚಲಿರುವ ದಂಟಿಗೆ ಅದರ ನೇರ ಮೈಕಟ್ಟಿಗಾಗಿ ಹಣ ತೆರುವುದರಲ್ಲಿ ಅರ್ಥವಿಲ್ಲ.

ಪ್ರಮಾಣ: ಬಿಳಿಯದನ್ನೇ ಮುಖ್ಯ ಊಟವಾಗಿ ಮಾಡುವುದಾದರೆ ತಲೆಗೆ ಸುಮಾರು ಅರ್ಧ ಕಿಲೋ. ಸಿಪ್ಪೆ, ತುದಿಗಳು ಹೋಗಿ ಉಳಿಯುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಪಲ್ಯಕ್ಕಾದರೆ ನಾಲ್ವರಿಗೆ ಅರ್ಧ ಕಿಲೋ ಹಸಿರು ಸಾಕು.

ಬೆಂಗಳೂರಿನಂಥ ನಗರಗಳ ದೊಡ್ಡ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ರಬ್ಬರ್ ಬ್ಯಾಂಡ್ ಹಾಕಿದ ಹಸಿರು ಕಟ್ಟು, ಅದು ಎಷ್ಟು ದಿನದ್ದೆಂದು ಹೇಳುವವರಿರುವುದಿಲ್ಲ. ಅಲ್ಲಿಯೂ ಮೇಲಿನ ಪರೀಕ್ಷೆಗಳೇ ಅನ್ವಯಿಸುತ್ತವೆ. ಕಟ್ಟಿನ ಒಳಗಿನ ಕುಡಿಗಳು ಲೋಳೆಯಾಗಿವೆಯೇ ಎಂದು ಬಿಡಿಸಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಹಂತ 2: ಮನೆಗೆ ತಂದ ಮೇಲೆ

ಅಂದೇ ಬೇಯಿಸುವುದು ಉತ್ತಮ. ಆಗದಿದ್ದರೆ ಬಿಳಿಯ ದಂಟನ್ನು ತೊಳೆಯದೆ, ಸಿಪ್ಪೆ ತೆಗೆಯದೆ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ. ಹಸಿರಿನದನ್ನು ಬುಡ ಕೆಳಗಾಗಿ ಒಂದು ಲೋಟದಲ್ಲಿ ನಿಲ್ಲಿಸಿ, ಬೆರಳಿನಗಲ ನೀರು ಹಾಕಿ, ಕುಡಿಗಳನ್ನು ಸಡಿಲವಾಗಿ ಮುಚ್ಚಿ ಫ್ರಿಜ್ಜಿನಲ್ಲಿ ಇಡಬಹುದು. ಗೂಡಂಗಡಿಗಳಲ್ಲಿ ಯಂತ್ರದಿಂದ ಸಿಪ್ಪೆ ತೆಗೆದುಕೊಡುವ ಸೌಲಭ್ಯವಿರುತ್ತದೆ. ಅದನ್ನು ಬಳಸಿದರೆ ಸಿಪ್ಪೆಯನ್ನೂ ಕೇಳಿ ತರಬೇಕು, ದಂಟನ್ನು ಅಂದೇ ಬೇಯಿಸಬೇಕು.

ಹಂತ 3: ಸಿಪ್ಪೆ ಹೆರೆಯುವುದು

ಬಿಳಿ ಆಸ್ಪ್ಯಾರಗಸ್ ಕೆಡುವುದು ಬಹುತೇಕ ಈ ಹಂತದಲ್ಲಿ. ಅದರ ಹೊರಪದರ ಬೆಂದ ಮೇಲೂ ಮೆತ್ತಗಾಗುವುದಿಲ್ಲ. ಜಿಪುಣತನ ಮಾಡಿ ಮೇಲೆ ಮೇಲೆ ಹೆರೆದರೆ ತಿನ್ನುವಾಗ ನಾರು ಹಲ್ಲಿಗೆ ಸಿಕ್ಕಿಕೊಂಡು, ನುಗ್ಗೆಕಾಯಿಯಂತೆ ಜಗಿದು ಉಗಿಯಬೇಕಾಗುತ್ತದೆ. ದಂಟನ್ನು ಕೈಯಲ್ಲಿ ಎತ್ತಿ ಹಿಡಿದು ಹೆರೆದರೆ ಮುರಿಯುತ್ತದೆ. ಅದನ್ನು ಮಣೆಯ ಮೇಲೆ ಅಥವಾ ಮುಂಗೈಯ ಮೇಲೆ ಮಲಗಿಸಿಕೊಂಡು, ಕುಡಿಯಿಂದ ಎರಡು ಬೆರಳಗಲ ಕೆಳಗೆ ಪೀಲರ್ ಇಟ್ಟು ಬುಡದ ಕಡೆಗೆ ಎಳೆಯಬೇಕು. ಮೇಲ್ಭಾಗದಲ್ಲಿ ತೆಳುವಾಗಿ, ಬುಡದತ್ತ ಬಂದಂತೆ ಸ್ವಲ್ಪ ಒತ್ತಿ, ದಪ್ಪವಾಗಿ ಹೆರೆಯಬೇಕು. ಒಂದು ಸುತ್ತು ಮುಗಿದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಸಿಪ್ಪೆ ಉಳಿದ ಜಾಗ ಹೊಳೆಯುತ್ತದೆ, ಹೆರೆದ ಜಾಗ ಮಂಕಾಗಿ ಕಾಣುತ್ತದೆ. ಕೊನೆಯಲ್ಲಿ ಬುಡವನ್ನು ಒಂದೆರಡು ಸೆಂಟಿಮೀಟರ್ ಕತ್ತರಿಸಿ ತೆಗೆಯಬೇಕು. ಕಹಿಗೆ ಕಾರಣವಾಗುವ ಸಪೋನಿನ್ ಅಂಶಗಳು ಬುಡದಲ್ಲೇ ಹೆಚ್ಚು, ಹಾಗಾಗಿ ಕಹಿ ಇಷ್ಟವಾಗದವರು ಇನ್ನಷ್ಟು ಮೇಲಕ್ಕೆ ಕತ್ತರಿಸಬಹುದು.

ಹಸಿರಿಗೆ ಈ ಶ್ರಮ ಬೇಡ. ಬುಡದ ಮೂರನೆಯ ಒಂದು ಭಾಗವನ್ನು ಹೆರೆದರೆ ಸಾಕು, ತೆಳ್ಳಗಿನದಕ್ಕೆ ಅದೂ ಬೇಕಿಲ್ಲ. ದಂಟನ್ನು ಬಗ್ಗಿಸಿದಾಗ ಎಲ್ಲಿ ಮುರಿಯುತ್ತದೋ ಅಲ್ಲಿಂದ ಕೆಳಗಿನದನ್ನು ಎಸೆಯಬೇಕೆಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ಅದನ್ನು ಪಾಲಿಸಿದರೆ ತಿನ್ನಬಹುದಾದ ಭಾಗವೇ ಬಹಳಷ್ಟು ಕಸಕ್ಕೆ ಹೋಗುತ್ತದೆ. ಚಾಕುವಿನಿಂದ ಬುಡವನ್ನು ಕತ್ತರಿಸಿ, ಉಳಿದ ಗಟ್ಟಿ ಭಾಗವನ್ನು ಹೆರೆಯುವುದೇ ಸರಿ.

ಹಂತ 4: ಬಿಳಿಯದನ್ನು ಬೇಯಿಸುವ ಕ್ರಮ

ಮೊದಲು ಸಿಪ್ಪೆ, ಬುಡಗಳನ್ನು ಚೆನ್ನಾಗಿ ತೊಳೆದು, ಒಂದು ಕಿಲೋ ದಂಟಿಗೆ ಎರಡು ಲೀಟರ್ ನೀರಿನ ಲೆಕ್ಕದಲ್ಲಿ ಹದಿನೈದು ನಿಮಿಷ ಕುದಿಸಿ ಸೋಸಬೇಕು. ಬೇಳೆಯ ಕಟ್ಟಿನಂತೆ ಇದು ಸಿಪ್ಪೆಯ ಕಟ್ಟು. ಆಸ್ಪ್ಯಾರಗಸ್ಸಿನ ಪರಿಮಳದ ದೊಡ್ಡ ಪಾಲು ಇದರಲ್ಲಿ ಇಳಿದಿರುತ್ತದೆ. ಇದಕ್ಕಿಂತ ಹೆಚ್ಚು ಹೊತ್ತು ಕುದಿಸಿದರೆ ಕಹಿಯೂ ಇಳಿಯುತ್ತದೆ. ಸೋಸಿದ ನೀರಿಗೆ ಎರಡು ಟೀ ಚಮಚ ಉಪ್ಪು, ಒಂದು ಟೀ ಚಮಚ ಸಕ್ಕರೆ, ಒಂದು ಸಣ್ಣ ತುಂಡು ಬೆಣ್ಣೆ ಹಾಕಬೇಕು. ಸಕ್ಕರೆಯಿಂದ ಕಹಿ ಹೋಗುವುದಿಲ್ಲ, ನಾಲಿಗೆಗೆ ಅದರ ಅರಿವು ಕಡಿಮೆಯಾಗುತ್ತದೆ ಅಷ್ಟೆ. ಬಣ್ಣ ಬೆಳ್ಳಗೆ ಉಳಿಯಲೆಂದು ಕೆಲವರು ನಿಂಬೆಯ ಬಿಲ್ಲೆಯನ್ನೂ ಹಾಕುತ್ತಾರೆ. ಒಂದೇ ತೆಳು ಬಿಲ್ಲೆಗಿಂತ ಹೆಚ್ಚಾದರೆ ನಿಂಬೆಯ ರುಚಿಯೇ ಮೇಲಾಗುತ್ತದೆ.

ದಂಟುಗಳು ಉದ್ದಕ್ಕೆ ಮಲಗುವಷ್ಟು ಅಗಲವಾದ ಪಾತ್ರೆ ಬೇಕು. ಸ್ಟೀಲ್ ಪಾತ್ರೆ ಒಳ್ಳೆಯದು. ಕಬ್ಬಿಣದ ಪಾತ್ರೆಯನ್ನು ಬಳಸದಿರುವುದು ಲೇಸು. ಆಸ್ಪ್ಯಾರಗಸ್ಸಿನಲ್ಲಿರುವ ರೂಟಿನ್ ಎಂಬ ಅಂಶ ಕಬ್ಬಿಣದೊಂದಿಗೆ ಸೇರಿ ಬಣ್ಣ ಕಪ್ಪಡರಬಹುದು. ಐದಾರು ದಂಟುಗಳನ್ನು ದಾರದಿಂದ ಸಡಿಲವಾಗಿ ಕಟ್ಟಿದರೆ ಎತ್ತುವಾಗ ಕುಡಿ ಮುರಿಯುವುದಿಲ್ಲ. ಕುದಿಯುವ ಕಟ್ಟಿಗೆ ಇಳಿಸಿ, ಉರಿ ತಗ್ಗಿಸಿ, ಮುಚ್ಚಳ ಹಾಕಿ, ಕೊತಕೊತ ಕುದಿಸದೆ ಬೇಯಿಸಬೇಕು. ಬೆರಳಿನ ದಪ್ಪದ್ದು ಹತ್ತರಿಂದ ಹನ್ನೆರಡು ನಿಮಿಷಕ್ಕೆ, ಹೆಬ್ಬೆರಳಿಗಿಂತ ದಪ್ಪನೆಯದು ಹದಿನೈದು ನಿಮಿಷಕ್ಕೆ ಬೇಯುತ್ತದೆ. ಗಡಿಯಾರಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿದೆ: ಒಂದು ದಂಟನ್ನು ನಡುವಿನಲ್ಲಿ ಫೋರ್ಕಿನ ಮೇಲೆ ಎತ್ತಿದಾಗ ಎರಡೂ ತುದಿಗಳು ಸ್ವಲ್ಪ ಬಾಗಬೇಕು. ನೆಟ್ಟಗೆ ನಿಂತರೆ ಬೆಂದಿಲ್ಲ, ಜೋತುಬಿದ್ದರೆ ಹದ ಮೀರಿದೆ. ಬೆಂದದ್ದನ್ನು ಕೂಡಲೇ ಎತ್ತಿ ಬಟ್ಟೆಯ ಮೇಲೆ ನೀರು ಬಸಿಯಲು ಬಿಡಬೇಕು.

ಜರ್ಮನಿಯ ಮನೆಗಳಲ್ಲಿ ಇದಕ್ಕೆ ಜೊತೆಯಾಗುವುದು ಬೇಯಿಸಿದ ಹೊಸ ಆಲೂಗಡ್ಡೆ ಮತ್ತು ಕರಗಿಸಿದ ಬೆಣ್ಣೆ ಅಥವಾ ಬೆಣ್ಣೆಯಿಂದಲೇ ಮಾಡುವ ದಪ್ಪನೆಯ ಹೊಲಾಂಡೇಸ್ ಸಾಸ್. ಮಾಂಸ ತಿನ್ನುವವರಿಗೆ ಹಂದಿಯ ಹ್ಯಾಮ್. ಬಾಡನ್ ಸೀಮೆಯಲ್ಲಿ ಕ್ರಾಟ್ಸೆಟೆ ಎಂಬ, ಚೂರುಚೂರಾಗಿ ಹರಿದ ದೋಸೆಯಂಥ ತಿನಿಸನ್ನು ಬಡಿಸುತ್ತಾರೆ. ಹೊಲಾಂಡೇಸ್‌ನಲ್ಲಿಯೂ ಕ್ರಾಟ್ಸೆಟೆಯಲ್ಲಿಯೂ ಮೊಟ್ಟೆ ಇರುತ್ತದೆಂಬುದನ್ನು ಸಸ್ಯಾಹಾರಿಗಳು ತಿಳಿದಿರಬೇಕು. ಮೊದಲ ಸಲ ತಿನ್ನುವವರು ಸಾಸ್ ಬಿಟ್ಟು ಆಲೂಗಡ್ಡೆ, ಬೆಣ್ಣೆ, ಉಪ್ಪು ಇಷ್ಟರಲ್ಲೇ ತಿನ್ನಬೇಕೆಂಬುದು ನನ್ನ ಸಲಹೆ. ಆ ನಸುಸಿಹಿ, ಅದರ ಹಿಂದೆಯೇ ಸುಳಿಯುವ ಕಿರುಗಹಿ, ಎರಡೂ ದಪ್ಪ ಸಾಸಿನಡಿ ಮುಚ್ಚಿಹೋಗುತ್ತವೆ.

ಹಂತ 5: ಹಸಿರು ಮತ್ತು ನಮ್ಮ ಒಗ್ಗರಣೆ

ಬಿಳಿ ಆಸ್ಪ್ಯಾರಗಸ್ಸಿಗೆ ಹುಣಸೆಹುಳಿ, ಸಾರಿನ ಪುಡಿ ಹೊಂದುವುದಿಲ್ಲ. ಹಾಕಿದರೆ ಅಡುಗೆ ಕೆಡುವುದಿಲ್ಲವಾದರೂ ತಿನ್ನುವವರಿಗೆ ಒಳಗಿರುವುದು ಸೋರೆಕಾಯಿಯೋ ಇನ್ನೇನೋ ತಿಳಿಯುವುದಿಲ್ಲ. ಹಸಿರಿನ ಮಾತೇ ಬೇರೆ. ಅದರ ರುಚಿ ಗಡುಸು, ಒಗ್ಗರಣೆಯ ಎದುರು ನಿಲ್ಲಬಲ್ಲದು.

ಪಲ್ಯಕ್ಕೆ ಅರ್ಧ ಕಿಲೋ ಹಸಿರು ದಂಟನ್ನು ಬೆರಳಗಲದ ತುಂಡುಗಳಾಗಿ ಹೆಚ್ಚಿ, ಕುಡಿಗಳನ್ನು ಬೇರೆ ಇಡಬೇಕು. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಒಂದೊಂದು ಚಮಚ ಉದ್ದಿನಬೇಳೆ, ಕಡಲೆಬೇಳೆ ಹಾಕಿ ಕೆಂಪಗಾಗಿಸಿ, ಎರಡು ಮುರಿದ ಬ್ಯಾಡಗಿ ಮೆಣಸಿನಕಾಯಿ, ಕರಿಬೇವು ಸೇರಿಸಬೇಕು. ಬುಡದ ತುಂಡುಗಳನ್ನು ಹಾಕಿ, ಉಪ್ಪು ಬೆರೆಸಿ, ನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿಡಬೇಕು. ನಂತರ ಮುಚ್ಚಳ ತೆಗೆದು, ಕುಡಿಗಳನ್ನೂ ಹಾಕಿ ಇನ್ನು ಎರಡು ಮೂರು ನಿಮಿಷ ಜೋರು ಉರಿಯಲ್ಲಿ ಬಾಡಿಸಬೇಕು. ದಂಟು ಹಲ್ಲಿಗೆ ತುಸು ಕರುಂ ಎನ್ನುವಾಗಲೇ ಇಳಿಸಿ, ಮೂರು ಚಮಚ ಕಾಯಿತುರಿ ಬೆರೆಸಬೇಕು. ನಿಂಬೆರಸವನ್ನು ಒಲೆ ಆರಿಸಿದ ಮೇಲೆ, ಬಡಿಸುವ ಹೊತ್ತಿಗೆ ಹಿಂಡಬೇಕು. ಹುಳಿಯೂ ಶಾಖವೂ ಒಟ್ಟಿಗೆ ಸೇರಿದರೆ ಪತ್ರಹರಿತ್ತು ಕೆಟ್ಟು ಎದ್ದುಕಾಣುವ ಹಸಿರು ಕೊಳೆ ಹಿಡಿದ ಪಾಚಿಬಣ್ಣಕ್ಕೆ ತಿರುಗುತ್ತದೆ. ಹೆಚ್ಚು ಹೊತ್ತು ಬೇಯಿಸಿದರೂ ಹಾಗೆಯೇ. ಕೆಲಸದಿಂದ ದಣಿದು ಬಂದ ಸಂಜೆಗಳಲ್ಲಿ ಕಾದ ತವೆಯ ಮೇಲೆ ಇಡೀ ದಂಟುಗಳನ್ನು ಎಣ್ಣೆ ಸವರಿ ಆರೇಳು ನಿಮಿಷ ಉರುಳಿಸಿ, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದರೂ ಊಟ ಸಾಗುತ್ತದೆ.

ಬಿಳಿಯದನ್ನು ನಮ್ಮ ಅಡುಗೆಗೆ ತರಲೇಬೇಕೆಂದಿದ್ದರೆ ಅದಕ್ಕೆ ತಕ್ಕದ್ದು ತೊವ್ವೆ. ಹೆಸರುಬೇಳೆಯನ್ನು ನೀರಿನ ಬದಲು ಸಿಪ್ಪೆಯ ಕಟ್ಟಿನಲ್ಲಿ ಬೇಯಿಸಿ, ಬೇರೆಯಾಗಿ ಬೆಂದ ಬಿಳಿ ದಂಟಿನ ತುಂಡುಗಳನ್ನು ಸೇರಿಸಿ, ತುಪ್ಪದಲ್ಲಿ ಜೀರಿಗೆ, ಸೀಳಿದ ಹಸಿಮೆಣಸು, ಚೂರು ಶುಂಠಿಯ ಒಗ್ಗರಣೆ ಕೊಟ್ಟರೆ ಸಾಕು. ಇಂಗು ಬೇಡ, ಅದು ಉಳಿದ ಪರಿಮಳವನ್ನೆಲ್ಲ ನುಂಗುತ್ತದೆ. ಉಳಿದ ಕಟ್ಟನ್ನು ಮರುದಿನ ಸೂಪಿಗೆ ಬಳಸಬಹುದು: ಬೆಣ್ಣೆಯಲ್ಲಿ ಎರಡು ಚಮಚ ಮೈದಾ ಹುರಿದು, ಕಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಗಂಟಾಗದಂತೆ ಕದಡಿ, ಮುರಿದ ತುಂಡುಗಳನ್ನು ಹಾಕಿ, ಕೊನೆಗೆ ಕೆನೆ ಸೇರಿಸಿ ಇಳಿಸಬೇಕು.

ಆರೋಗ್ಯದ ಲೆಕ್ಕ

ಹಸಿ ಹಸಿರು ಆಸ್ಪ್ಯಾರಗಸ್ಸಿನ 100 ಗ್ರಾಮಿನಲ್ಲಿ ಸುಮಾರು 93 ಗ್ರಾಂ ನೀರೇ ಇರುತ್ತದೆ. ಉಳಿದದ್ದರಲ್ಲಿ ಪ್ರೋಟೀನ್ ಮತ್ತು ನಾರು ಎರಡೆರಡು ಗ್ರಾಂನಷ್ಟು, ಪೊಟ್ಯಾಸಿಯಂ ಸುಮಾರು 200 ಮಿಲಿಗ್ರಾಂ, ಕಬ್ಬಿಣ 2 ಮಿಲಿಗ್ರಾಂ, ಕೆ ವಿಟಮಿನ್ 40 ಮೈಕ್ರೋಗ್ರಾಂ. ಒಟ್ಟು ಶಕ್ತಿ ಕೇವಲ 20 ಕಿಲೋಕ್ಯಾಲರಿ. ಅಂದರೆ ಅರ್ಧ ಕಿಲೋ ತಿಂದರೂ 100 ಕಿಲೋಕ್ಯಾಲರಿಯ ಸುತ್ತಮುತ್ತ. ಅದರ ಮೇಲೆ ಸುರಿಯುವ ಬೆಣ್ಣೆಯ ಸಾಸು ಮಾತ್ರ ಇದರ ಹಲವು ಪಟ್ಟು ಶಕ್ತಿಯನ್ನು ಸೇರಿಸುತ್ತದೆ, ಆದ್ದರಿಂದ ತೂಕ ಇಳಿಸುವ ತರಕಾರಿ ಎಂಬ ಹೊಗಳಿಕೆ ತಟ್ಟೆಯಲ್ಲಿ ಅದರ ಪಕ್ಕಕ್ಕೆ ಏನಿದೆ ಎಂಬುದನ್ನು ಅವಲಂಬಿಸಿದೆ. ಬಿಳಿಯದಕ್ಕಿಂತ ಹಸಿರಿನಲ್ಲಿ ಸಿ ವಿಟಮಿನ್ ಮತ್ತು ಕ್ಯಾರೊಟಿನ್ ಹೆಚ್ಚು. ಬೆಳಕಿನಲ್ಲಿ ಬೆಳೆದದ್ದರ ಫಲ ಅದು.

ಇದರ ನಿಜವಾದ ಬಲ ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಬೇಯಿಸಿದ 100 ಗ್ರಾಂ ಹಸಿರು ಆಸ್ಪ್ಯಾರಗಸ್ಸಿನಲ್ಲಿ ಸುಮಾರು 150 ಮೈಕ್ರೋಗ್ರಾಂ ಫೋಲೇಟ್ ಇದೆ. ವಯಸ್ಕರಿಗೆ ಅಲ್ಲಿ ಶಿಫಾರಸು ಮಾಡಿರುವ ದಿನದ ಪ್ರಮಾಣ 400 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 600. ಹೊಸ ರಕ್ತಕಣಗಳ ಉತ್ಪತ್ತಿಗೂ ಗರ್ಭಸ್ಥ ಶಿಶುವಿನ ನರಮಂಡಲದ ಬೆಳವಣಿಗೆಗೂ ಫೋಲೇಟ್ ಬೇಕು. ಹಾಗೆಂದು ಗರ್ಭ ಧರಿಸುವ ಮುನ್ನ ಮತ್ತು ಮೊದಲ ತಿಂಗಳುಗಳಲ್ಲಿ ವೈದ್ಯರು ಕೊಡುವ ಫೋಲಿಕ್ ಆಮ್ಲದ ಮಾತ್ರೆಗೆ ಯಾವ ತರಕಾರಿಯೂ ಬದಲಿಯಲ್ಲ. ಫೋಲೇಟ್ ನೀರಿನಲ್ಲಿ ಕರಗುವುದರಿಂದ ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಒಂದು ಪಾಲೂ ಹೋಗುತ್ತದೆ. ಕಟ್ಟನ್ನು ತೊವ್ವೆಗೋ ಸೂಪಿಗೋ ಬಳಸಬೇಕೆಂದು ಹೇಳಿದ್ದರ ಎರಡನೆಯ ಕಾರಣ ಇದು.

ಇದರಲ್ಲಿ ಇನ್ಯುಲಿನ್ ಎಂಬ ನಾರಿನಂಶವೂ ಇದೆ. ಅದು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳನ್ನು ತಲುಪಿ ಅಲ್ಲಿನ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅದೇ ಕಾರಣಕ್ಕೆ ಹೊಟ್ಟೆಯುಬ್ಬರವೂ ಆಗಬಹುದು. ಕರುಳಿನ ಕಿರಿಕಿರಿ ಇರುವವರು ಮೊದಲ ಸಲ ಮೂರು ನಾಲ್ಕು ದಂಟಿನಿಂದ ಆರಂಭಿಸುವುದು ಒಳ್ಳೆಯದು.

ತಿಂದ ಅರ್ಧ ಗಂಟೆಯೊಳಗೆ ಮೂತ್ರಕ್ಕೆ ವಿಚಿತ್ರ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಆಸ್ಪ್ಯಾರಗ್ಯುಸಿಕ್ ಆಮ್ಲವೆಂಬ ಗಂಧಕಯುಕ್ತ ಅಂಶ ದೇಹದಲ್ಲಿ ಒಡೆದು ಮೀಥೇನ್‌ಥಯೋಲ್‌ನಂಥ ಆವಿಯಾಗುವ ಸಂಯುಕ್ತಗಳಾಗುವುದರಿಂದ ಹೀಗಾಗುತ್ತದೆ, ತೊಂದರೆ ಏನೂ ಇಲ್ಲ. ಈ ವಾಸನೆಯನ್ನು ಗ್ರಹಿಸುವ ಶಕ್ತಿಯೇ ಎಲ್ಲರಿಗೂ ಇಲ್ಲ. 2016ರಲ್ಲಿ ಪ್ರಕಟವಾದ, ಸುಮಾರು 6,900 ಜನರನ್ನೊಳಗೊಂಡ ಅಮೆರಿಕದ ಅಧ್ಯಯನದಲ್ಲಿ ಹತ್ತರಲ್ಲಿ ಆರು ಮಂದಿ ತಮಗೆ ಆ ವಾಸನೆ ತಿಳಿಯುವುದಿಲ್ಲ ಎಂದರು, ಮತ್ತು ಅದಕ್ಕೆ ಘ್ರಾಣಶಕ್ತಿಗೆ ಸಂಬಂಧಿಸಿದ ಜೀನುಗಳ ವ್ಯತ್ಯಾಸದೊಂದಿಗೆ ನಂಟು ಕಂಡುಬಂತು. ಮನೆಯಲ್ಲಿ ಒಬ್ಬರು ದೂರುತ್ತ, ಇನ್ನೊಬ್ಬರು ಅದನ್ನು ನಂಬದೇ ಇರುವ ಪ್ರಸಂಗಗಳಿಗೆ ಇದೇ ವಿವರಣೆ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೆ ವಿಟಮಿನ್ನಿನ ಪ್ರಮಾಣವನ್ನು ದಿನದಿಂದ ದಿನಕ್ಕೆ ಏರುಪೇರಾಗದಂತೆ ನೋಡಿಕೊಳ್ಳಬೇಕಾಗಿರುವುದರಿಂದ, ವರ್ಷವಿಡೀ ತಿನ್ನದೆ ಮೇ ತಿಂಗಳಿನಲ್ಲಿ ಒಮ್ಮೆಲೇ ದಿನವೂ ಹಸಿರು ಆಸ್ಪ್ಯಾರಗಸ್ ತಿನ್ನಲು ಆರಂಭಿಸುವ ಮುನ್ನ ವೈದ್ಯರಿಗೆ ತಿಳಿಸಬೇಕು. ಪೊಟ್ಯಾಸಿಯಂ ಮಿತಿ ಇರುವ ಮೂತ್ರಪಿಂಡದ ರೋಗಿಗಳಿಗೂ ಇದೇ ಮಾತು. ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಎಂಬ ಅಂಶ ಇದರಲ್ಲಿರುವುದರಿಂದ ಗೌಟ್ ಎಂಬ ಕೀಲುನೋವಿನ ರೋಗ ಇರುವವರು ಮುಟ್ಟಬಾರದೆಂಬ ಹಳೆಯ ಕಟ್ಟುನಿಟ್ಟು ಈಗ ಸಡಿಲವಾಗಿದೆ. ಪ್ಯೂರಿನ್ ಹೆಚ್ಚಿರುವ ತರಕಾರಿಗಳಿಂದ ಗೌಟ್ ಅಪಾಯ ಏರುವುದಿಲ್ಲವೆಂದು ದೊಡ್ಡ ಅಧ್ಯಯನವೊಂದು 2004ರಲ್ಲಿ ತೋರಿಸಿತು. ಕೆಲವರಿಗೆ ಹಸಿ ದಂಟು ಹೆರೆಯುವಾಗ ಕೈ ತುರಿಸುವುದುಂಟು, ಅಂಥವರು ಕೈಗವಸು ಹಾಕಿಕೊಳ್ಳಬೇಕು. ಗಿಡದಲ್ಲಿ ಬಿಡುವ ಕೆಂಪು ಹಣ್ಣು ತಿನ್ನಲು ಯೋಗ್ಯವಲ್ಲ, ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಎರಡು ಉತ್ಪ್ರೇಕ್ಷೆಗಳ ಬಗ್ಗೆ ಎಚ್ಚರವಿರಲಿ. ಆಸ್ಪ್ಯಾರಗಸ್ ಅರೆದು ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಮನುಷ್ಯರಲ್ಲಿ ಅದಕ್ಕೆ ಪುರಾವೆಯಿಲ್ಲ. 2018ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದು ಆಸ್ಪರಜಿನ್ ಎಂಬ ಅಮೈನೋ ಆಮ್ಲಕ್ಕೂ ಸ್ತನ ಕ್ಯಾನ್ಸರ್ ಹರಡುವುದಕ್ಕೂ ನಂಟು ತೋರಿಸಿದಾಗ, ಆಸ್ಪ್ಯಾರಗಸ್ಸೇ ಅಪಾಯಕಾರಿ ಎಂಬ ತಲೆಬರಹಗಳೂ ಬಂದವು. 1806ರಲ್ಲಿ ಫ್ರಾನ್ಸಿನ ವೊಕ್ಲಾನ್ ಮತ್ತು ರೊಬಿಕೆ ಎಂಬ ರಸಾಯನಶಾಸ್ತ್ರಜ್ಞರು ಆ ಆಮ್ಲವನ್ನು ಮೊದಲು ಬೇರ್ಪಡಿಸಿದ್ದು ಇದರ ರಸದಿಂದ ಎಂಬುದು ನಿಜ, ಆದರೆ ಅದು ನಾನಾ ಆಹಾರಗಳಲ್ಲಿದೆ, ನಮ್ಮ ದೇಹವೂ ಅದನ್ನು ತಾನೇ ತಯಾರಿಸುತ್ತದೆ. ಹಾಗೆಯೇ ನಮ್ಮ ಕಾಡುಗಳಲ್ಲಿ ಬೆಳೆಯುವ ಶತಾವರಿ, ಅಂದರೆ ಹಲವು ಮಕ್ಕಳ ತಾಯಿ ಬೇರು, ಇದೇ ಕುಲದ ಬೇರೆ ಪ್ರಭೇದ. ಅಲ್ಲಿ ಔಷಧಿಗೆ ಬಳಸುವುದು ಬೇರನ್ನು, ಇಲ್ಲಿ ತಿನ್ನುವುದು ಚಿಗುರನ್ನು. ಬಾಣಂತಿಯರಿಗೆ ಶತಾವರಿ ಬೇರಿನ ಬಗ್ಗೆ ಹೇಳುವ ಗುಣಗಳನ್ನು ಅಂಗಡಿಯ ಆಸ್ಪ್ಯಾರಗಸ್ಸಿಗೆ ಹಚ್ಚುವುದು ಸರಿಯಲ್ಲ.

ಹಂತ 6: ಋತು ಮುಗಿಯುವ ಮುನ್ನ

ಜೂನ್ ಮೂರನೆಯ ವಾರ ಬೆಲೆ ಇಳಿದಾಗ ಸ್ವಲ್ಪ ಹೆಚ್ಚಿಗೆ ಕೊಂಡು ಫ್ರೀಜರಿನಲ್ಲಿ ಇಡಬಹುದು. ಬಿಳಿಯದನ್ನು ತೊಳೆದು, ಸಿಪ್ಪೆ ಹೆರೆದು, ಬುಡ ಕತ್ತರಿಸಿ, ನೀರಿನ ಪಸೆಯಿಲ್ಲದಂತೆ ಒರೆಸಿ, ಬೇಯಿಸದೆ ಹಸಿಯಾಗಿಯೇ ಒಂದೊಂದು ಊಟಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ ಇಡಬೇಕು. ಸಿಪ್ಪೆಯನ್ನೂ ಹೀಗೆಯೇ ಪ್ರತ್ಯೇಕವಾಗಿ ಇಟ್ಟರೆ ಚಳಿಗಾಲದಲ್ಲಿ ಕಟ್ಟು ಕಾಯಿಸಲು ಒದಗುತ್ತದೆ. ಬಳಸುವಾಗ ಕರಗಲು ಬಿಡಬಾರದು. ಕರಗಿದರೆ ಒಳಗಿನ ನೀರೆಲ್ಲ ಸೋರಿ ದಂಟು ಮೆತ್ತಗಾಗುತ್ತದೆ. ಫ್ರೀಜರಿನಿಂದ ತೆಗೆದದ್ದನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿ, ತಾಜಾದಕ್ಕಿಂತ ಒಂದೆರಡು ನಿಮಿಷ ಹೆಚ್ಚು ಬೇಯಿಸಬೇಕು. ಇಡಿಯಾಗಿ ತಟ್ಟೆಯಲ್ಲಿಟ್ಟು ತಿನ್ನುವಷ್ಟು ಬಿಗಿ ಅದರಲ್ಲಿ ಉಳಿದಿರುವುದಿಲ್ಲ, ಆದರೆ ತೊವ್ವೆಗೂ ಸೂಪಿಗೂ ಧಾರಾಳವಾಗಿ ಆಗುತ್ತದೆ. ಆರು ತಿಂಗಳೊಳಗೆ, ಅಂದರೆ ಕ್ರಿಸ್‌ಮಸ್ ಹೊತ್ತಿಗೆ, ಮುಗಿಸುವುದು ಒಳ್ಳೆಯದು.